ಒಂದೇ ಬಾಗಿಲಿನ ತೋಟದ ಮನೆ

ಬಳ್ಳಾರಿಯಲ್ಲಿ ನನ್ನ ಗಂಡ ವೀರಭದ್ರ ನನಗೆ ಹೊಡೆಯುವುದಿಲ್ಲ. ಅಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಕೂಗಿದರೆ ಪಕ್ಕದವರಿಗೆ ಕೇಳುತ್ತದೆ, ಮರ್ಯಾದೆ ಹೋಗುತ್ತದೆ. ಪುಣ್ಯಾತ್ಮ ವರ್ಷದ ಸಿಟ್ಟನ್ನೆಲ್ಲ ಉಪ್ಪಿನಕಾಯಿಯಂತೆ ಕೂಡಿಟ್ಟು, ಬೇಸಿಗೆಗೆ ಕುರುಗೋಡಿನ ತೋಟದ ಮನೆಗೆ ತರುತ್ತಾನೆ.

ಆ ಮನೆ ನಮ್ಮತ್ತೆ ವಿರೂಪಮ್ಮನವರಿಗೆ ತವರಿನಿಂದ ಬಂದದ್ದು. ದಪ್ಪ ಕಲ್ಲುಗೋಡೆ, ಮೇಲೆ ಮಣ್ಣಿನ ಮಾಳಿಗೆ, ಸುಡುವ ಬಿಸಿಲಲ್ಲೂ ಒಳಗೆ ತಂಪು. ಹಿಂದೆಯೇ ಮಾವು, ನಿಂಬೆಯ ತೋಟ. ಆದರೆ ಕಳ್ಳರ ಭಯಕ್ಕೆ ಆ ಕಡೆ ಕಿಟಕಿಯೂ ಇಟ್ಟಿಲ್ಲ. ಇರುವುದು ಮುಂದಿನ ಒಂದೇ ಬಾಗಿಲು, ಅದಕ್ಕೆ ಎರಡು ಕೈ ಸೇರಿದರೇ ಏಳುವ ಮರದ ಅಗುಳಿ. ಮಾವನೂ ಅಗುಳಿ ಹಾಕಿಯೇ ಅತ್ತೆಗೆ ಹೊಡೆಯುತ್ತಿದ್ದರಂತೆ. ಕೂಗು ಕೇಳಿ ಬಂದವರು ಹೊರಗೆ ನಿಂತು, ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂದು ಹೋಗುತ್ತಿದ್ದರಂತೆ. ನನ್ನ ಕಾಲಕ್ಕೂ ಅದೇ ಗಾದೆ. ಅದನ್ನು ಕೇಳಿದರೆ ಮೈ ಉರಿಯುತ್ತದೆ.

ಈ ಸಲ ಬಂದ ದಿನವೇ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬಾರುಕೋಲಿನಿಂದ ನನ್ನ ಬೆನ್ನು ಸೀಳಿದ. ಮರುದಿನ ಭತ್ತದ ವ್ಯಾಪಾರಕ್ಕೆ ಸಿರುಗುಪ್ಪಕ್ಕೆ ಹೋದ. ಅತ್ತೆ ನನ್ನ ಬೆನ್ನಿಗೆ ಎಣ್ಣೆ ಹಚ್ಚುತ್ತ ಹಿಂದಿನ ಗೋಡೆಯನ್ನೇ ನೋಡುತ್ತಿದ್ದರು.

“ಅಂಜನಾ, ಗೌಂಡಿ ಹುಲುಗೇಶನ್ನ ಕರಸು. ಈ ಗ್ವಾಡಿ ಒಡಸೋಣು. ತೋಟದ ಗಾಳಿ ಒಳಗ ಬರ್ಲಿ.”

ಗಾಳಿಗಾಗಿ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಹುಲುಗೇಶ ಮಾಳಿಗೆಯ ತೊಲೆಗೆ ಕಂಬ ಆನಿಸಿ, ಬಂಡಿ ದಾಟುವಷ್ಟು ಕಂಡಿ ಒಡೆದ. ನಾನು ಒಲೆಯ ಮುಂದಿನಿಂದ ಎದ್ದು ನೇರ ತೋಟಕ್ಕೆ ನಡೆದು ಒಂದು ನಿಂಬೆಹಣ್ಣು ಕಿತ್ತೆ. ಸುಮ್ಮನೆ ಅಳು ಬಂತು.

ಕೆಲಸದವರು ಊಟಕ್ಕೆ ಹೋಗಿದ್ದಾಗ ವೀರಭದ್ರ ಬಂದ. ಕಂಡಿ ನೋಡಿ ಕೆಂಡವಾದವನು ಮೊದಲು ಎಂದಿನ ಕೆಲಸವನ್ನೇ ಮಾಡಿದ: ಮುಂಬಾಗಿಲಿಗೆ ಅಗುಳಿ ಹಾಕಿದ. ಹಿಂದೆ ಇಡೀ ತೋಟ ತೆರೆದುಕೊಂಡಿದೆ, ಈ ಮಹಾಶಯ ಮುಂದೆ ಅಗುಳಿ ಹಾಕುತ್ತಾನೆ! ನನಗೆ ನಗು ಬಂತು. ನಕ್ಕದ್ದಕ್ಕೆ ಬಾರುಕೋಲಿನ ಏಟಿಗೆ ತುಟಿ ಹರಿಯಿತು.

“ಯಾರನ್ನ ಕೇಳಿ ಗ್ವಾಡಿ ಒಡಿಸಿದಿ?”

ಜಡೆ ಹಿಡಿದು ನನ್ನ ಹಣೆಯನ್ನು ಕಂಬಕ್ಕೆ ಚಚ್ಚಿದ. ಬಿಡಿಸಲು ಬಂದ ಅತ್ತೆಯನ್ನು ಒದ್ದ. ಅವರು ಒಡೆದ ಕಲ್ಲುಗಳ ಮೇಲೆ ಬಿದ್ದರು. ಎದ್ದಾಗ ಕೈಯಲ್ಲಿ ಗುದ್ದಲಿ ಇತ್ತು. ಅದರ ಮರದ ಕಾವನ್ನು ಬೀಸಿ ಮಗನ ಮುಂಗೈಗೆ ಹೊಡೆದರು. ಮೂಳೆ ಲಟಕ್ಕೆಂದಿತು. ಮತ್ತೆ ಬೀಸಿದರು, ಹೆಗಲಿಗೆ ಬಿತ್ತು. ಮೂರನೆಯದನ್ನು ತಡೆಯಲು ನನಗೆ ಮನಸ್ಸಾಗಲಿಲ್ಲ.

“ಯವ್ವಾ, ಸತ್ತೆ! ಯಾರಾರ ಬರ್ರಿ!”

ಅಕ್ಕಪಕ್ಕದ ಹೊಲದವರು ಓಡಿ ಬಂದರು, ರೂಢಿಯಂತೆ ಮುಂಬಾಗಿಲಿಗೇ. “ಏನಾತ್ರಿ ವಿರೂಪಮ್ಮಾರ?” ಎಂದು ಬಡಿದರು.

ಅತ್ತೆ ಏದುಸಿರು ಬಿಡುತ್ತ ಕೂಗಿದರು: “ಏನಿಲ್ಲ, ಹೋಗ್ರಿ. ಮನಿ ಜಗಳ. ಉಂಡು ಮಲಗೋ ತನಕ.”

ಹೋದರು. ಆ ಗಾದೆ ನಮಗೆ ಮೊದಲ ಸಲ ಕೆಲಸಕ್ಕೆ ಬಂತು.

ವೀರಭದ್ರ ಒಂದೇ ಕೈಯಲ್ಲಿ ಅಗುಳಿ ಎತ್ತಲು ಹೆಣಗಿದ. ಅದು ಮಿಸುಕಲಿಲ್ಲ. “ಅಂಜನಾ, ತೆಗಿ,” ಎಂದ.

ಬಾಯಲ್ಲಿ ತುಂಬಿದ್ದ ರಕ್ತ ಉಗಿದೆ. “ಹಾಕಿದವ್ರು ನೀವು. ಹಿಂದ ದಾರಿ ಐತಿ, ಹೋಗ್ರಿ.”

ಕಲ್ಲು ಎಡವುತ್ತ ಹೋದ. ಊಟ ಮುಗಿಸಿ ಬಂದ ಹುಲುಗೇಶ ನಮ್ಮ ಮುಖ ನೋಡಿ ಗಾಬರಿಯಾದ.

“ಇಲ್ಲೊಂದು ಬಾಗ್ಲ ಕೂಡ್ಸಪಾ,” ಎಂದರು ಅತ್ತೆ. “ಅಗುಳಿ ಮಾತ್ರ ನಮ್ಮ ಅಂಜನಾ ಒಂದ ಕೈಲೆ ಎತ್ತುವಂಗ ಇರ್ಲಿ.”