ಬರೀ ಹೂಂ

ಟೈಲರಮ್ಮನಿಗೆ ಗಂಡನ ಮೇಲಿದ್ದ ದೂರು ಒಂದೇ. ಕುಡಿತವಿಲ್ಲ, ಜೂಜಿಲ್ಲ, ಜಗಳವೂ ಇಲ್ಲ. ಏನು ಹೇಳಿದರೂ "ಹೂಂ" ಅನ್ನುತ್ತಾರೆ, ಅಷ್ಟೇ. ಕೇಳುವವರಿಗೆ ಇದೂ ಒಂದು ದೂರಾ ಅನ್ನಿಸಬಹುದು. ಒಂದು ವಾರ ಆ ಹೂಂ ಜೊತೆ ಸಂಸಾರ ಮಾಡಿ ನೋಡಲಿ, ಗೊತ್ತಾಗುತ್ತದೆ.

ಮೊದಲು ಹೀಗಿರಲಿಲ್ಲ. ಬೀದಿಯ ಮೂಲೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾಗ ಈ ಮನುಷ್ಯ ಒಂದು ಮಾತಿಗೆ ಹತ್ತು ಮಾತಾಡುತ್ತಿದ್ದರು. ಕೆಟ್ಟ ರೇಡಿಯೋ ಇಲ್ಲದವರೂ ಹರಟೆಗೆಂದೇ ಬಂದು ಕೂರುತ್ತಿದ್ದರು. ಬೀದಿಗೆಲ್ಲ ಅವರು ರೇಡಿಯೋ ಮಾಮ. ಒಂದು ದಿನ ಏಕಾಏಕಿ ಅಂಗಡಿಗೆ ಬೀಗ ಹಾಕಿ ಬಂದು, "ಈಗ ರೇಡಿಯೋ ಯಾರಿಗೆ ಬೇಕು ಬಿಡು" ಅಂದರು. ಅವತ್ತು ತಾರಸಿ ಹತ್ತಿದವರು ಗಿಡಗಳ ಪಾಲಾದರು. ಹಳೆಯ ಪೇಂಟ್ ಡಬ್ಬಗಳಲ್ಲಿ ಟೊಮೆಟೊ, ಸಿಮೆಂಟ್ ಚೀಲಗಳಲ್ಲಿ ಬೀನ್ಸ್, ಹಿಡಿ ಮುರಿದ ಬಕೆಟ್ಟಿನಲ್ಲಿ ಮೆಣಸಿನಕಾಯಿ. ಟೊಮೆಟೊ ಗಿಡಗಳನ್ನು ರೇಡಿಯೋ ವೈರಿನಿಂದಲೇ ಕೋಲಿಗೆ ಕಟ್ಟಿದ್ದರು.

ಆ ವರ್ಷ ಆಕಾಶಕ್ಕೂ ತಲೆ ಕೆಟ್ಟಿತ್ತು. ಬೆಳಗ್ಗೆ ಎಲೆ ಸುಡುವ ಬಿಸಿಲು, ಮಧ್ಯಾಹ್ನ ಕಪ್ಪು ಮೋಡ, ಸಂಜೆ ಒಂದು ಹನಿಯೂ ಇಲ್ಲ. ಮರುದಿನ ಎದ್ದರೆ ಡಬ್ಬದ ತುಂಬ ನೀರು. ಬಿಸಿಲಿಗೆ ಹಸಿರು ಬಲೆ, ಮಳೆಗೆ ಪ್ಲಾಸ್ಟಿಕ್ ಶೀಟು ಅಂತ ಮಾಮ ಎರಡಕ್ಕೂ ಹಗ್ಗ ಕಟ್ಟಿಟ್ಟಿದ್ದರು. ಯಾವಾಗ ಯಾವುದನ್ನು ಎಳೆಯಬೇಕೆಂದು ಹೇಳುವ ಕೆಲಸ ಟೈಲರಮ್ಮನದು. ತಾರಸಿಯ ಕೆಳಗಿನ ಕೋಣೆಯಲ್ಲಿ ಕಿಟಕಿ ಪಕ್ಕ ಅವಳ ಮಷಿನ್. ಹೊಲಿಯುತ್ತಲೇ ಮೋಡ ನೋಡುವುದು, ಮೆಟ್ಟಿಲ ಕಡೆ ತಿರುಗಿ ಕೂಗುವುದು.

"ರೀ, ಬಿಸಿಲು ಏರ್ತಿದೆ, ಬಲೆ ಎಳೀರಿ!"

"ಹೂಂ!"

ಬಲೆ ಇದ್ದಲ್ಲೇ ಇರುತ್ತಿತ್ತು. ಬೀನ್ಸ್ ಹೂವೆಲ್ಲ ಬಾಡಿ ಉದುರಿದವು.

"ಇವತ್ತು ನೀರು ಹಾಕ್ಬೇಡಿ, ನಿನ್ನೆಯೇ ಸುರಿದಿದೆ!"

"ಹೂಂ!"

ಸಂಜೆ ನೋಡಿದರೆ ಬಕೆಟ್ಟು ಕೆರೆಯಾಗಿತ್ತು. ಮೆಣಸಿನ ಗಿಡ ಬೇರು ಕೊಳೆತು ಸತ್ತಿತು. "ನಿಮ್ಮ ಹೂಂ ಕೇಳಿ ಕೇಳಿ ಅದಕ್ಕೂ ಸಾಕಾಗಿರ್ಬೇಕು" ಅಂತ ಟೈಲರಮ್ಮ ಮುಖಕ್ಕೇ ಅಂದಳು. ಮಾಮ ಮೆಲ್ಲಗೆ ನಕ್ಕು "ಹೂಂ" ಅಂದರು. ಅವಳ ಮೈಯೆಲ್ಲ ಉರಿದುಹೋಯಿತು.

ಗಿಡ ಸತ್ತರೆ ಸಾಯಲಿ, ಇನ್ನೊಂದು ಬೀಜ ಹಾಕಬಹುದು. ಇಷ್ಟು ವರ್ಷ ಜೊತೆಗೆ ಬಾಳಿದವರಿಗೆ ತನ್ನ ಮಾತು ಬೇಡವಾಯಿತಲ್ಲ ಅನ್ನುವುದು ಅವಳ ಸಂಕಟ. ಅದನ್ನು ಫೋನಿನಲ್ಲಿ ಅಕ್ಕನ ಹತ್ತಿರ ತೋಡಿಕೊಂಡಳು. ಅಕ್ಕನದೂ ಹೊಲಿಗೆ ಅಂಗಡಿ, ಬೇರೆ ಊರಿನಲ್ಲಿ.

"ಗೋಡೆ ಜೊತೆ ಸಂಸಾರ ಮಾಡ್ತಿದ್ದೀಯ ಕಣೇ," ಅಂದಳು ಅಕ್ಕ. "ಬಂದ್ಬಿಡು ಇಲ್ಲಿಗೆ. ಕೋಣೆ ಖಾಲಿ ಇದೆ, ಬಟ್ಟೆ ರಾಶಿ ಬಿದ್ದಿದೆ. ಇಬ್ಬರೂ ಹೊಲ್ಕೊಂಡು ನಗ್ತಾ ಇರೋಣ."

ಆ ರಾತ್ರಿ ಊಟವಾದ ಮೇಲೆ ಮಾಮ ತಲೆ ತಗ್ಗಿಸಿಕೊಂಡು ಬೀನ್ಸ್ ಬೀಜ ಆರಿಸುತ್ತಿದ್ದರು. ಟೈಲರಮ್ಮ ಪಾತ್ರೆ ಒರೆಸುತ್ತ, ಎದೆ ಗಟ್ಟಿ ಮಾಡಿಕೊಂಡು ಕೇಳಿದಳು: "ರೀ, ಅಕ್ಕ ಕರೀತಿದ್ದಾಳೆ. ಹೋಗಿ ಅಲ್ಲೇ ಇದ್ದುಬಿಡ್ಲಾ?"

'ಬೇಡ ಕಣೇ' ಅಂದಿದ್ದರೆ ಸಾಕಿತ್ತು. 'ತಲೆಗಿಲೆ ಕೆಟ್ಟಿದೆಯಾ ನಿನಗೆ' ಅಂತ ಬೈದಿದ್ದರೂ ಖುಷಿಯಿಂದ ಬೈಸಿಕೊಳ್ಳುತ್ತಿದ್ದಳು.

"ಹೂಂ," ಅಂದರು ಮಾಮ, ತಲೆ ಎತ್ತದೆ.

ಮರುದಿನ ಅವಳು ಮಷಿನ್ ತುಳಿಯುತ್ತಲೇ ಅತ್ತಳು. ಆಮೇಲೆ ಎದ್ದು ಮೂಗು ಒರೆಸಿಕೊಂಡು ಸೂಟ್‌ಕೇಸ್ ಎಳೆದಳು. ಭಾನುವಾರದ ಬಸ್ಸಿಗೆ ಹೋಗುವುದೆಂದು ಅಕ್ಕನಿಗೆ ಹೇಳಿಯೂ ಆಯಿತು. ಸೀರೆ ಮಡಚಿ ಇಡುತ್ತಿದ್ದಾಗ ಮಾಮ ಬಾಗಿಲಿಗೆ ಬಂದರು. ಸೂಟ್‌ಕೇಸ್ ನೋಡಿದರು, ಅವಳನ್ನು ನೋಡಿದರು, ಸ್ವಲ್ಪ ಹೊತ್ತು ನಿಂತರು, ತಾರಸಿಗೆ ಹೋದರು. ಎಲ್ಲಿಗೆ ಅಂತ ಕೂಡ ಕೇಳಲಿಲ್ಲ ಪುಣ್ಯಾತ್ಮ!

ಶನಿವಾರ ಮಧ್ಯಾಹ್ನದ ತನಕ ಹೆಂಚಿನಂಥ ಬಿಸಿಲು. ನೋಡನೋಡುತ್ತಿದ್ದಂತೆ ಕಿಟಕಿ ಕತ್ತಲಾಯಿತು, ತಣ್ಣನೆ ಗಾಳಿ ಬೀಸಿತು. ಟೊಮೆಟೊ ಆಗಷ್ಟೇ ಕೆಂಪಗಾಗುತ್ತಿತ್ತು. ನಾಳೆ ಬಿಟ್ಟುಹೋಗುವವಳಿಗೆ ಯಾಕೆ ಬೇಕಿತ್ತು ಅದರ ಉಸಾಬರಿ! ಆದರೂ ಬಾಯಿ ಸುಮ್ಮನಿರಬೇಕಲ್ಲ.

"ರೀ, ಶೀಟು ಎಳೀರಿ, ಜೋರು ಮಳೆ ಬರ್ತಿದೆ!"

ಈ ಸಲ ಹೂಂ ಕೂಡ ಬರಲಿಲ್ಲ. ಹೊಲಿಯುತ್ತಿದ್ದ ರವಿಕೆಯ ತೋಳನ್ನು ಅಲ್ಲೇ ಬಿಸಾಡಿ, ಬಾಯಿಗೆ ಬಂದಂತೆ ಬೈಯುತ್ತ ಮೆಟ್ಟಿಲು ಹತ್ತಿದಳು. ಮೆಟ್ಟಿಲ ತಲೆಗೆ ತಗಡಿನ ಮಾಡು ಹಾಕಿದ ಸಣ್ಣ ಗೂಡಿತ್ತು. ಮಾಮ ಅದರೊಳಗೆ ಅವಳಿಗೆ ಬೆನ್ನು ಮಾಡಿ, ತಲೆ ಬಗ್ಗಿಸಿಕೊಂಡು ವೈರಿನ ಸಿಕ್ಕು ಬಿಡಿಸುತ್ತಿದ್ದರು. ತಗಡಿನ ಮೇಲೆ ಹನಿ ಪಟಪಟ ಬಿತ್ತು, ಆಮೇಲೆ ಆಲಿಕಲ್ಲು. ಟೈಲರಮ್ಮ ತನಗರಿವಿಲ್ಲದೆ ಎರಡೂ ಕಿವಿ ಮುಚ್ಚಿಕೊಂಡಳು. ಮಾಮ ತಲೆ ಎತ್ತಲಿಲ್ಲ. ಅವರ ಬೆರಳುಗಳು ನಿಧಾನವಾಗಿ ವೈರು ಬಿಡಿಸುತ್ತಲೇ ಇದ್ದವು.

"ರೀ!" ಅಂದಳು, ಬೆನ್ನ ಹಿಂದೆಯೇ ನಿಂತು. "ರೀ, ಇಲ್ನೋಡಿ!"

ಅವರು ನೋಡಲಿಲ್ಲ. ಒಂದು ಆಲಿಕಲ್ಲು ಹಾರಿ ಬಂದು ಅವರ ಕಾಲಿಗೆ ತಾಗಿತು. ಆಗ ಬೆಚ್ಚಿ ಹೊರಗೆ ನೋಡಿ "ಅಯ್ಯೋ ದೇವರೇ!" ಅಂತ ಬರಿಗಾಲಲ್ಲೇ ಓಡಿದರು. ಟೈಲರಮ್ಮ ಕಿವಿಯಿಂದ ಕೈ ತೆಗೆದಳು.

ಅವಳೂ ಓಡಿ ಹಗ್ಗದ ಇನ್ನೊಂದು ತುದಿ ಹಿಡಿದಳು. ಗಾಳಿ ಶೀಟನ್ನು ಕಿತ್ತುಕೊಳ್ಳುತ್ತಿತ್ತು, ತಲೆಗೆ, ಹೆಗಲಿಗೆ ಕಲ್ಲು ಬೀಳುತ್ತಿತ್ತು. ಅರ್ಧ ಗಿಡ ಉಳಿದವು, ಅರ್ಧ ನೆಲಕಚ್ಚಿದವು. ಮಳೆ ಬಂದಷ್ಟೇ ಬೇಗ ನಿಂತು, ನಾಚಿಕೆಯಿಲ್ಲದ ಬಿಸಿಲು ಬಂತು. ಇಬ್ಬರೂ ಒದ್ದೆ ಮುದ್ದೆಯಾಗಿ ಮೆಟ್ಟಿಲ ಮೇಲೆ ಕುಕ್ಕರಿಸಿದರು.

ಅವರ ಬಲಕ್ಕೆ ಕೂತಿದ್ದ ಟೈಲರಮ್ಮ ಆ ಕಿವಿಗೇ ಬಾಯಿಟ್ಟು ಕೇಳಿದಳು: "ಯಾವಾಗಿಂದ?"

"ಅಂಗಡಿ ಮುಚ್ಚೋಕೆ ಮುಂಚಿಂದ," ಅಂದರು ಮಾಮ. "ಸ್ಟೇಷನ್ ಸರಿಯಾಗಿ ಸಿಕ್ತೋ ಇಲ್ವೋ ಅಂತ ಗಿರಾಕೀನೇ ಹೇಳ್ಬೇಕಾಯ್ತು. ಎಡಗಿವಿ ಪೂರ್ತಿ ಹೋಗಿದೆ. ನೀನು ಕೂಗಿದ್ರೆ ಏನೋ ಸದ್ದು ಬರುತ್ತೆ, ಮಾತು ಹಿಡಿಯಲ್ಲ."

"ಇಷ್ಟು ಜೋರು ಮಳೆ ಕೂಡ..."

"ನನ್ನ ಕಿವಿಯೊಳಗೆ ದಿನವೆಲ್ಲ ಮಳೆ ಬರ್ತಾನೇ ಇರುತ್ತೆ ಕಣೇ. ಯಾವುದು ನಿಜದ್ದು ಅಂತ ಹೇಗೆ ಗೊತ್ತಾಗ್ಬೇಕು?"

"ನನಗೆ ಹೇಳೋಕೇನಾಗಿತ್ತು ನಿಮಗೆ?"

"ರೇಡಿಯೋದವನಿಗೆ ಕಿವುಡು ಅಂದ್ರೆ ಬೀದಿಯೆಲ್ಲ ನಗಲ್ವಾ? ನೀನೂ ನಗ್ತೀಯ ಅನ್ನಿಸ್ತು. ಹೂಂ ಅಂತಿದ್ರೆ ಯಾರಿಗೂ ಬೇಜಾರಿಲ್ಲ ಅಂದ್ಕೊಂಡೆ."

ಅವರು ಮುರಿದ ಟೊಮೆಟೊ ಕೊಂಬೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕಾಯಿಗಳನ್ನು ಸವರುತ್ತಿದ್ದರು. ಅವಳ ಮುಖ ನೋಡಲಿಲ್ಲ.

"ಸೂಟ್‌ಕೇಸ್ ತುಂಬ್ತಿದ್ದೆಯಲ್ಲ," ಅಂದರು. "ಎಲ್ಲಿಗೆ ಅಂತ ಕೇಳೋಣ ಅಂತ ಬಾಗಿಲ ತನಕ ಬಂದೆ. ಕೇಳಿದ್ರೆ ನೀನು ಹೇಳ್ತೀಯ. ಹೇಳಿದ್ದು ನನಗೆ ಕೇಳಲ್ಲ. ಗೊತ್ತಾಗದೆ ಹೂಂ ಅಂತ ನಾನೇ ನಿನ್ನ ಕಳಿಸಿಬಿಟ್ಟರೆ?"

ಆಗಲೇ ಕಳಿಸಿಯಾಗಿತ್ತು ಅನ್ನುವುದನ್ನು ಟೈಲರಮ್ಮ ಹೇಳಲಿಲ್ಲ. ಅವರ ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು.

"ನಾನೆಲ್ಲೂ ಹೋಗಲ್ಲ," ಅಂದಳು.

ಮಾಮ ಹೂಂ ಅನ್ನಲು ಬಾಯಿ ತೆರೆದು, ತಡೆದುಕೊಂಡರು.

"ಏನಂದೆ?" ಅಂದರು. "ಇನ್ನೊಂದ್ಸಲ ಹೇಳೇ, ಕೇಳಿಸ್ಲಿಲ್ಲ."

ಟೈಲರಮ್ಮ ಇನ್ನೊಂದು ಸಲ ಹೇಳಿದಳು, ಇಡೀ ಬೀದಿಗೆ ಕೇಳುವಂತೆ.