ಗುಬ್ಬಿಯ ಎಡಗಣ್ಣು

ಅಕ್ಕನ ಮನೆಯ ಊಟದ ಮೇಜು ಊಟ ಕಂಡು ಎಷ್ಟೋ ಕಾಲವಾಗಿತ್ತು. ಅಂಗಡಿ ಸಾಮಾನುಗಳ ಫೋಟೋ ತೆಗೆಯುವ ಕೆಲಸವನ್ನು ಮನೆಯಲ್ಲೇ ಶುರು ಮಾಡಿದ ಮೇಲೆ ಅವಳೂ ಗಂಡನೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಣ್ಣುತ್ತಿದ್ದರು. ಬಿಳಿ ರಟ್ಟೊಂದು ಗೋಡೆಯಿಂದಿಳಿದು ಜಾರುಬಂಡೆಯ ಹಾಗೆ ಬಾಗಿ ಮೇಜನ್ನು ಪೂರ್ತಿ ಆಕ್ರಮಿಸಿತ್ತು. ಎಡಕ್ಕೆ ಸ್ಟ್ಯಾಂಡಿನ ಮೇಲೆ ಫ್ಲ್ಯಾಶ್, ಅದರ ಮುಂದೆ ಬಿಳಿ ಛತ್ರಿ. ಬಲಕ್ಕೆ ಬೆಳಕನ್ನು ವಾಪಸು ಎಸೆಯಲು ಥರ್ಮೋಕೋಲಿನ ಹಲಗೆ.

ಅವತ್ತು ಮೇಜಿನ ಮೇಲಿದ್ದದ್ದು ಸ್ಟೀಲಿನ ನೀರಿನ ಬಾಟಲಿಗಳು. ಸ್ಟೀಲೆಂದರೆ ಅವಳಿಗೆ ತಲೆನೋವು. ಕೋಣೆಯಲ್ಲಿರುವುದನ್ನೆಲ್ಲ, ಫೋಟೋ ತೆಗೆಯುವವಳ ಮೂಗನ್ನೂ ಸೇರಿಸಿ, ಅದು ತೋರಿಸಿಬಿಡುತ್ತದೆ. ಪರದೆ ಎಳೆದು, ಛತ್ರಿಯನ್ನು ಹಿಂದೆ ಮುಂದೆ ಸರಿಸಿ, ಇನ್ನೇನು ಹದಕ್ಕೆ ಬಂತು ಎನ್ನುವಷ್ಟರಲ್ಲಿ ಕ್ಯಾಮೆರಾದಿಂದ ಫ್ಲ್ಯಾಶಿಗೆ ಸನ್ನೆ ಕಳಿಸುವ ಟ್ರಿಗರ್ ಕೈಕೊಟ್ಟಿತು. ಕೆಟ್ಟಿರುವುದು ಟ್ರಿಗರೋ ಫ್ಲ್ಯಾಶೋ ನೋಡೋಣವೆಂದು ಫ್ಲ್ಯಾಶನ್ನು ಬಿಚ್ಚಿ ಕ್ಯಾಮೆರಾದ ನೆತ್ತಿಗೇ ಸಿಕ್ಕಿಸಿದಳು.

"ದೊಡ್ಡಮ್ಮಾ, ನಂದೂ!" ಎಂದು ಮೇಜಿನ ಆಚೆ ಒಂದು ತಲೆ ಎದ್ದಿತು. ತಂಗಿಯ ಮಗಳು, ಇನ್ನೂ ಮೂರು ತುಂಬದ ಗುಬ್ಬಿ. ಬಾಟಲಿಯನ್ನು ಕೆನ್ನೆಗೊತ್ತಿಕೊಂಡು ನಕ್ಕಳು. ಅಕ್ಕ ಒತ್ತಿದಳು.

ಕ್ಯಾಮೆರಾದ ತೆರೆಯ ಮೇಲೆ ಗುಬ್ಬಿಯ ಬಲಗಣ್ಣಿನ ಪಾಪೆ ಕೆಂಪಗಿತ್ತು. ಅದು ಹೊಸದೇನಲ್ಲ, ನೇರ ಬೆಳಕು ಬಿದ್ದರೆ ಎಲ್ಲರ ಕಣ್ಣೂ ಹಾಗೆಯೇ ಬರುತ್ತದೆ. ಎಡಗಣ್ಣಿನ ಪಾಪೆ ಮಾತ್ರ ಹಾಲಿನ ಹನಿಯಂತೆ ಬೆಳ್ಳಗಿತ್ತು. ಸ್ಟೀಲಿನ ಹೊಳಪಿರಬೇಕೆಂದು ಬಾಟಲಿಯನ್ನು ಕಸಿದುಕೊಂಡು, "ಪುಟ್ಟಿ, ಇಲ್ಲಿ ನೋಡು" ಎಂದು ಇನ್ನೊಂದು ತೆಗೆದಳು. ಮತ್ತೊಂದು. ಬಿಳುಪು ಹೋಗಲಿಲ್ಲ.

ಇಂಥದ್ದರ ಬಗ್ಗೆ ಅವಳು ಎಲ್ಲೋ ಓದಿದ್ದಳು. ಕ್ಯಾಮೆರಾ ಹಿಡಿದುಕೊಂಡೇ ಒಳಗೆ ಓಡಿದಳು.

ಅಡುಗೆಮನೆಯಲ್ಲಿ ಚಹಾ ಸೋಸುತ್ತಿದ್ದ ತಂಗಿ ಫೋಟೋ ನೋಡಿ ನಕ್ಕಳು. "ಬೆಳಕು ಬಿದ್ದಿರುತ್ತೆ ಬಿಡೇ."

"ಬೆಳಕಾದ್ರೆ ಎರಡೂ ಕಣ್ಣಲ್ಲೂ ಒಂದೇ ಥರ ಬರ್ಬೇಕಲ್ವಾ? ಡಾಕ್ಟರಿಗೆ ಒಂದ್ಸಲ ತೋರಿಸಿಬಿಡೋಣ."

"ಹುಟ್ಟಿದಾಗಿಂದ ಅವಳ ಫೋಟೋ ತೆಗೀತಿರೋಳು ನೀನೇ. ಅದ್ರಲ್ಲೆಲ್ಲ ಇಲ್ದೇ ಇದ್ದಿದ್ದು ಇವತ್ತೆಲ್ಲಿಂದ ಬಂತು?"

ಮುಖ ಚೆಂದ ಕಾಣಲೆಂದು ಅಕ್ಕ ಯಾವಾಗಲೂ ಬೆಳಕನ್ನು ಪಕ್ಕದಿಂದಲೇ ಕೊಡುತ್ತಿದ್ದಳು. ಪಕ್ಕದ ಬೆಳಕು ಕಣ್ಣಿನ ಒಳಗನ್ನು ತೋರಿಸುವುದಿಲ್ಲ. ಆ ಫೋಟೋಗಳಲ್ಲೆಲ್ಲ ಪಾಪೆಗಳು ಕಪ್ಪಗೆ, ಮುದ್ದಾಗಿ ಇದ್ದವು. ಅದನ್ನೇ ಬಿಡಿಸಿ ಹೇಳಲು ಹೋದಳು. ತಂಗಿಯ ನಗು ಆರಿತು.

"ಹೆತ್ತಿದ್ರೆ ನಿಂಗೆ ಗೊತ್ತಾಗ್ತಿತ್ತು ಕಣೇ, ಮಗು ವಿಷ್ಯದಲ್ಲಿ ಬಾಯಿಗೆ ಬಂದಿದ್ದೆಲ್ಲ ಆಡಬಾರ್ದು ಅಂತ."

ಚಹಾವನ್ನು ಅಲ್ಲೇ ಬಿಟ್ಟು ಮಗುವನ್ನೆತ್ತಿಕೊಂಡು ಹೊರಟೇಹೋದಳು. ಅಕ್ಕ ಬಾಗಿಲು ಹಾಕಲೂ ಮರೆತು ನಿಂತಳು. ಮಕ್ಕಳಿಲ್ಲವೆಂದು ಊರೆಲ್ಲ ಆಡಿಕೊಂಡಾಗ ಪರವಾಗಿ ನಿಂತು ಜಗಳವಾಡಿದ್ದವಳು ಇದೇ ತಂಗಿ.

ಮಾನ ನೋಡಿಕೊಂಡು ಸುಮ್ಮನಿರಬಹುದಿತ್ತು. ಆದರೆ ಮರುದಿನ ಬೆಳಿಗ್ಗೆ ಅವಳು ನೆತ್ತಿಗೆ ಫ್ಲ್ಯಾಶ್ ಸಿಕ್ಕಿಸಿದ ಕ್ಯಾಮೆರಾ ಹಿಡಿದು ತಂಗಿಯ ಮನೆಯ ಮೆಟ್ಟಿಲು ಹತ್ತಿದಳು. ಬಾಗಿಲು ಅರ್ಧವೇ ತೆರೆಯಿತು.

"ಮತ್ತೆ ಅದೇ ಪುರಾಣನಾ?"

"ಅದೇ. ನಾನು ಕ್ಯಾಮೆರಾ ಮುಟ್ಟಲ್ಲ, ನೀನೇ ತೆಗಿ. ಏನೂ ಕಾಣ್ಲಿಲ್ಲ ಅಂದ್ರೆ ಇನ್ನು ನನ್ನ ಬಾಯಿಗೆ ಬೀಗ."

ಒಳಗಿನಿಂದ ತಂಗಿಯ ಗಂಡ, "ತೆಗೆದ್ರೆ ಏನು ಹೋಗುತ್ತೆ, ತೆಗಿ" ಎಂದ. ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ. ಅಕ್ಕ ಪರದೆ ಎಳೆದು ಗೋಡೆಗೊರಗಿದಳು. ತಂಗಿ ತುಟಿ ಬಿಗಿದುಕೊಂಡೇ ಗುಂಡಿ ಒತ್ತಿದಳು, ತೆರೆ ನೋಡಿದಳು, ಇನ್ನೊಮ್ಮೆ ಒತ್ತಿದಳು. ಆಮೇಲೆ ಕ್ಯಾಮೆರಾವನ್ನು ಗಂಡನ ಕೈಗಿತ್ತು, ಆಸ್ಪತ್ರೆಗೆ ಹೊರಡಲು ಗುಬ್ಬಿಯ ಚಪ್ಪಲಿ ಹುಡುಕತೊಡಗಿದಳು.

ಕಣ್ಣಿನ ಒಳಪದರದಲ್ಲಿ ಕ್ಯಾನ್ಸರ್ ಗೆಡ್ಡೆ ಬೆಳೆದಿತ್ತು. ಕಣ್ಣು ಉಳಿಸಿಕೊಳ್ಳುವ ಹಂತ ದಾಟಿದೆ, ಅದನ್ನು ತೆಗೆದರೆ ಜೀವಕ್ಕೆ ತೊಂದರೆಯಿಲ್ಲ, ಬೇರೆಲ್ಲೂ ಹಬ್ಬಿಲ್ಲ ಎಂದರು ಡಾಕ್ಟರಮ್ಮ. ತಂಗಿ ಔಷಧಿ ತರಲು ಹೋದಾಗ ಅಕ್ಕ ಮೆಲ್ಲಗೆ ಕೇಳಿದಳು: "ಇನ್ನೂ ಮುಂಚೆ ಯಾರಾದ್ರೂ ನೋಡಿದ್ದಿದ್ರೆ ಕಣ್ಣೂ ಉಳೀತಿತ್ತಾ?"

"ಹೇಳೋಕಾಗಲ್ಲಮ್ಮ."

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಆಪರೇಷನ್ ಮುಗಿದು ಗುಬ್ಬಿ ಮನೆಗೆ ಬಂದರೂ ತಂಗಿ ಈ ಕಡೆ ಸುಳಿಯಲಿಲ್ಲ. ಕೊನೆಗೊಂದು ಮಧ್ಯಾಹ್ನ ಬಂದಳು. ಬಾಗಿಲಲ್ಲೇ ನಿಂತು ಅಂದಳು: "ನೀನು ಹಟ ಹಿಡೀದೇ ಇದ್ದಿದ್ರೆ ಮಗೂನೇ ಇರ್ತಿರ್ಲಿಲ್ಲ. ಗೊತ್ತು. ಆದ್ರೂ ನಿನ್ನ ಮುಖ ನೋಡಿದ್ರೆ ಸಂಕಟ ಆಗುತ್ತೆ ಕಣೇ. ಏನ್ಮಾಡ್ಲಿ?"

"ಆಗ್ಲಿ" ಎಂದಳು ಅಕ್ಕ. "ನಂಗೂ ಆಗುತ್ತೆ."

"ನಾಳೆ ಕೃತಕ ಕಣ್ಣು ಕೂರಿಸ್ತಾರಂತೆ. ಅವಳು ದೊಡ್ಡಮ್ಮ ಬಂದ್ರೇನೇ ಹೋಗೋದು ಅಂತ ಕೂತಿದಾಳೆ."

"ನಿಂಗೆ? ನಾನು ಬರೋದು ಬೇಕಾ?"

"ಬಾ" ಎಂದಳು ತಂಗಿ.