ಮುಚ್ಚದ ಎಡಗಣ್ಣು

ಮೇಷ್ಟರ ಕೆನ್ನೆಗೆ ನೊರೆ ಹಚ್ಚುತ್ತಿದ್ದ ಕ್ಷೌರಿಕ ಕನ್ನಡಿಯಲ್ಲಿ ನರ್ಸಮ್ಮನನ್ನು ಕಂಡ. ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಕಂಡದ್ದೇ ತಡ, ಅವನ ಮೈಯೆಲ್ಲ ಉರಿದುಹೋಯಿತು.

ಅವನಿಗೆ ಲಸಿಕೆ ಚುಚ್ಚಿದವಳು ಇವಳೇ. ಮರುವಾರವೇ ಮುಖದ ಎಡಭಾಗ ಜೋತುಬಿದ್ದಿತ್ತು. ಕುಡಿದ ನೀರು ಕಟವಾಯಿಯಿಂದ ಸೋರುತ್ತಿತ್ತು. ಈಗ ಬಾಯಿ ಮುಕ್ಕಾಲು ಸರಿಹೋಗಿದ್ದರೂ ಎಡಗಣ್ಣು ಮುಚ್ಚದೆ ಹಟ ಹಿಡಿದಿದೆ. ಕುರ್ಚಿಯಲ್ಲಿ ಕೂತವರಿಗೆಲ್ಲ "ಲಸಿಕೆ ಕೊಟ್ಟ ಉಡುಗೊರೆ ನೋಡಿ" ಎಂದು ಮುಖ ತೋರಿಸುತ್ತಿದ್ದ. ನೋಡಿದವರು ಮಕ್ಕಳಿಗೆ ಲಸಿಕೆ ಹಾಕಿಸುವುದನ್ನೇ ಬಿಟ್ಟರು. ಅವನ ಮಗಳೂ ಬಿಟ್ಟಳು. ಈಗಲೂ ಒಳಕೋಣೆಯಲ್ಲಿ ಕೂಸನ್ನು ಆಡಿಸುತ್ತಿದ್ದಳು.

"ಪಕ್ಕದ ಬೀದೀಗೆ ದಡಾರ ಬಂದಿದೆ ಅಣ್ಣ. ಇಬ್ರು ಮಕ್ಳು ಆಸ್ಪತ್ರೆ ಸೇರಿದಾವೆ. ಮೊಮ್ಮಗಳಿಗೆ ಲಸಿಕೆ ಹಾಕಿಸಿ."

"ನನ್ ಮೋರೆ ಹಾಳು ಮಾಡಿದ್ದು ಸಾಲ್ದಾ? ಈಗ ಕೂಸಿನ ಸರದೀನಾ?"

"ಆ ಲಸಿಕೇನೇ ಬೇರೆ, ಈ ಲಸಿಕೇನೇ ಬೇರೆ."

"ಚುಚ್ಚೋ ಕೈ ಒಂದೇ ತಾನೆ! ಅವತ್ತು ಓಡಿ ಬಂದಾಗ ಏನಂದೆ? 'ಲಸಿಕೆಗೂ ಇದಕ್ಕೂ ಸಂಬಂಧಾನೇ ಇಲ್ಲ, ಥಂಡಿ ಗಾಳಿ ಬಡಿದಿರ್ಬೇಕು' ಅಂತ ಬಾಗಿಲಲ್ಲೇ ಸಾಗಹಾಕ್ದೆ. ತಲೆ ಎತ್ತಿ ನೋಡ್ಲಿಲ್ಲ ನೀನು!"

"ನೀವು ಊರೆಲ್ಲ ಡಂಗುರ ಹೊಡೀತಿದೀರಲ್ಲ, ಮಕ್ಳಿಗೆ ಏನಾದ್ರೂ ಆದ್ರೆ ಯಾರು ಹೊಣೆ?"

ನೊರೆ ಹಚ್ಚಿ ಮುಗಿಸಿ ಅರ್ಧ ಮುಖ ಹೆರೆದಿದ್ದ ಕ್ಷೌರಿಕ ಸಿಟ್ಟಿನಲ್ಲಿ ಅವಳತ್ತ ತಿರುಗಿದ, ಕತ್ತಿ ತಪ್ಪಿತು. ಮೇಷ್ಟರ ಕೆನ್ನೆಯ ಮೇಲೆ ಸಣ್ಣ ಗೀರು. ಅವರಿಗೆ ಅದು ಗೊತ್ತೇ ಆಗಿರಲಿಲ್ಲ.

"ಗೀರ್ತು ಮೇಷ್ಟ್ರೇ, ನನ್ ಕೈಯಿಂದ್ಲೇ," ಎನ್ನುತ್ತ ಕ್ಷೌರಿಕ ಪಟಿಕದ ಕಲ್ಲನ್ನು ನೀರಿಗದ್ದಿ ಗಾಯಕ್ಕೆ ಒತ್ತಿದ.

"ಸುಮ್ನಿದ್ದಿದ್ರೆ ನಂಗೆಲ್ಲಿ ತಿಳೀತಿತ್ತೋ!" ಮೇಷ್ಟರು ನಕ್ಕರು.

"ಮನೇಗ್ಹೋಗಿ ಕನ್ನಡಿ ನೋಡ್ಕೋತೀರಲ್ಲ. ಆಮೇಲೆ ನನ್ ಮುಂದೆ ಕತ್ತು ಒಡ್ತೀರಾ?"

ನರ್ಸಮ್ಮ ಆ ಪಟಿಕವನ್ನೇ ನೋಡುತ್ತ ನಿಂತಿದ್ದಳು. ಅವಳ ದನಿ ಇಳಿಯಿತು.

"ಸಂಬಂಧ ಇಲ್ಲ ಅಂದಿದ್ದು ನನ್ ತಪ್ಪು ಅಣ್ಣ. ಅಪರೂಪಕ್ಕೆ ನರಕ್ಕೆ ತೊಂದ್ರೆ ಆಗೋದುಂಟು. ನಿಮಗೆ ಲಸಿಕೆಯಿಂದಾನೇ ಆಗಿರ್ಬಹುದು, ಆಗದೇನೂ ಇರ್ಬಹುದು. ಜನ ಹೆದರ್ತಾರೆ ಅಂತ ಬಾಯಿ ಮುಚ್ಕೊಂಡೆ. ನಿಮ್ ವಿಷಯ ಮೇಲಿನವ್ರಿಗೆ ತಿಳಿಸ್ಬೇಕಿತ್ತು, ಇವತ್ತೇ ತಿಳಿಸ್ತೀನಿ. ಆದ್ರೆ ದಡಾರ ಮನೆಮನೆಗೂ ನುಗ್ಗತ್ತೆ. ಒಮ್ಮೊಮ್ಮೆ ಮಿದುಳಿಗೇ ಏರತ್ತೆ."

"ಈ ಮಾತು ಅವತ್ತೇ ಆಡಿದ್ರೆ ನಿನ್ ಗಂಟೇನು ಹೋಗ್ತಿತ್ತು?"

ಒಳಗೆ ಕೂಸು ಕೇಕೆ ಹಾಕಿತು. ಕ್ಷೌರಿಕ ನೀರು ಸುರಿಯುತ್ತಿದ್ದ ಎಡಗಣ್ಣನ್ನು ಟವೆಲ್ಲಿನ ಅಂಚಿನಿಂದ ಒರೆಸಿಕೊಂಡು, ಕತ್ತಿ ಮಡಚಿಟ್ಟ.

"ಮಗಳೇ, ಕೂಸಿಗೆ ಟೋಪಿ ಹಾಕು. ಆಸ್ಪತ್ರೆಗೆ ಹೋಗೋಣ, ನಾನೂ ಬರ್ತೀನಿ." ನರ್ಸಮ್ಮನ ಕಡೆ ತಿರುಗಿದ. "ನಿನ್ನ ಕ್ಷಮಿಸ್ದೆ ಅಂದ್ಕೋಬೇಡ. ಪಕ್ಕದಲ್ಲೇ ನಿಂತಿರ್ತೀನಿ. ಏನಾದ್ರೂ ಆದ್ರೆ ಆ ಮಾತು ಮೊದ್ಲು ನಿನ್ ಬಾಯಿಂದ್ಲೇ ಬರ್ಬೇಕು."

"ಬರತ್ತೆ ಅಣ್ಣ."

"ಲೋ, ನನ್ ಇನ್ನರ್ಧ ಮುಖ?" ಮೇಷ್ಟರು ನೊರೆ ಮೆತ್ತಿದ ಕೆನ್ನೆ ಹಿಡಿದು ಕೂಗಿದರು.

"ಅರ್ಧ ಮುಖ ಇಟ್ಕೊಂಡು ಇಷ್ಟು ದಿನ ನಾನು ಬದುಕ್ಲಿಲ್ವಾ ಮೇಷ್ಟ್ರೇ? ಒಂದ್ ಗಳಿಗೆ ಕೂತಿರಿ, ಬಂದೆ."